ಶರಣಬಸಮ್ಮನ ಹಿಂದಿದ್ದ ಮೂವರು

ವನಜಾ ಕ್ಯಾಮೆರಾ ಕೊಂಡ ಮೊದಲ ವರ್ಷದ ಫೋಟೋಗಳಲ್ಲೆಲ್ಲ ಅವಳ ಗಂಡ ತಿಪ್ಪೇಸ್ವಾಮಿ ನಟ್ಟನಡುವೆ ನಿಂತಿರುತ್ತಿದ್ದ. ಗೋಲ್ಕೊಂಡದ ಮೆಟ್ಟಿಲ ಮೇಲೆ ನಡುವೆ, ಟ್ಯಾಂಕ್‌ಬಂಡಿನ ಮೇಲೆ ನಡುವೆ, ಬಾಲಾನಗರದ ಕ್ವಾರ್ಟರ್ಸಿನ ದಾಸವಾಳದ ಗಿಡದ ಮುಂದೆಯೂ ನಡುವೆ. ಕೈ ಕಟ್ಟಿಕೊಂಡು, ಸರ್ವಿಸ್ ಬುಕ್ಕಿಗೆ ಫೋಟೋ ಕೊಡುವವನ ಹಾಗೆ. ಸುತ್ತಮುತ್ತಲಿನ ಕಲ್ಲು, ನೀರು, ಎಲೆ, ತಂತಿ, ದಾರಿಹೋಕರು ಎಲ್ಲವೂ ಅವನಷ್ಟೇ ಖಚಿತವಾಗಿ ಮೂಡಿರುತ್ತಿದ್ದವು. ಎಲ್ಲ ಸರಿಯಾಗಿ ಬಂದಿದೆಯಲ್ಲ ಎಂದು ಅವಳು ಸಂತೋಷಪಡುತ್ತಿದ್ದಳು.

ಅಬಿಡ್ಸ್‌ನಲ್ಲಿ ಹಳೇ ಪುಸ್ತಕದಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹವ್ಯಾಸಿ ಛಾಯಾಗ್ರಾಹಕರ ಸಂಘವೊಂದು ತಿಂಗಳ ಎರಡನೆಯ ಭಾನುವಾರ ಸೇರುತ್ತಿತ್ತು. ಸದಸ್ಯರು ತಂದ ಫೋಟೋಗಳನ್ನು ಗೋಡೆಗೆ ಹಚ್ಚಿ, ಒಂದೊಂದನ್ನೂ ಎಳೆಎಳೆಯಾಗಿ ನೋಡಿ ತಪ್ಪು ಹೇಳುವುದು ಅಲ್ಲಿನ ಪದ್ಧತಿ. ಎಂಬತ್ತಾರನೆಯ ಇಸವಿಯ ಜೂನ್‌ನಲ್ಲಿ ವನಜಾ ಮೊದಲ ಸಲ ಅಲ್ಲಿಗೆ ಗೋಲ್ಕೊಂಡದ ಫೋಟೋ ಒಯ್ದಾಗ ಇದ್ದ ಇಪ್ಪತ್ತು ಜನರಲ್ಲಿ ಹೆಂಗಸು ಅವಳೊಬ್ಬಳೇ. ಸಂಘದ ಕಾರ್ಯದರ್ಶಿ ಹಣಮಂತರಾಯರು, ರಾಯಚೂರಿನ ಕಡೆಯ ಬ್ಯಾಂಕ್ ಅಧಿಕಾರಿ, ಫೋಟೋದ ಮುಂದೆ ನಿಂತು, "ಇವರ ನೆತ್ತಿ ಮ್ಯಾಲ ಲೈಟಿನ ಕಂಬ ಬೆಳದೈತಲ್ರೀ" ಎಂದರು. ಎಲ್ಲರೂ ನಕ್ಕರು. ವನಜಾ ಹತ್ತಿರ ಹೋಗಿ ನೋಡಿದಳು. ನಿಜ. ತಿಪ್ಪೇಸ್ವಾಮಿಯ ತಲೆಯಿಂದಲೇ ಹೊರಟಂತೆ ಕಂಬ, ಅದರ ತುದಿಗೆ ದೀಪ. ಫೋಟೋ ತೆಗೆಯುವಾಗ ಅಲ್ಲೊಂದು ಕಂಬವಿತ್ತೆಂಬುದೇ ಅವಳಿಗೆ ನೆನಪಿರಲಿಲ್ಲ.

ಇಳಿಯುವಾಗ ಮೆಟ್ಟಿಲ ಬಳಿ ಒಬ್ಬ ಮುದುಕರು ಅವಳನ್ನು ತಡೆದು ಮಾತಾಡಿಸಿದರು. ಬೀದರಿನ ಅಮೃತಪ್ಪನವರು. ಭೂಗರ್ಭ ಇಲಾಖೆಯೊಂದರಲ್ಲಿ ಮೂವತ್ತು ವರ್ಷ ಕಲ್ಲುಬಂಡೆಗಳ ಫೋಟೋ ತೆಗೆದು ನಿವೃತ್ತರಾದವರು.

"ನಕ್ಕಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ ತಂಗಿ. ನಿನ್ನ ಕಣ್ಣು ಮನಿಯವರನ್ನ ನೋಡ್ತು, ಕಂಬ ಬಿಟ್ತು. ಕ್ಯಾಮೆರಾಕ್ಕ ಮನಿಯವ್ರು ಯಾರು, ಕಂಬ ಯಾವ್ದು ಫರಕ್ ಗೊತ್ತಿಲ್ಲ. ಬಿಡೋ ಕೆಲಸ ನೀನಾ ಮಾಡ್ಬೇಕು."

"ಹೇಗೆ ಬಿಡೋದು ಸರ್?"

"ಎರಡು ದಾರಿ ಅವ. ಒಂದು, ನಿಂತ ಜಾಗ ಬದಲಿ ಮಾಡು. ಎರಡು, ಲೆನ್ಸಿನ ಕಿಂಡಿ ದೊಡ್ಡದು ಮಾಡು. ಕಿಂಡಿ ದೊಡ್ಡದಾದ್ರ ನೀ ನೋಡಿದ್ದಷ್ಟಾ ಸಾಫ್ ಬರ್ತೈತಿ, ಅದರ ಹಿಂದಿಂದು ಮುಂದಿಂದು ಮಸಕ ಆಗ್ತೈತಿ. ಕಿಂಡಿ ಸಣ್ಣದಾದ್ರ ಆಳ ಸಿಗ್ತೈತಿ, ಎಲ್ಲಾ ಸಾಫ್. ಮನಿಗೆ ಹೋಗಿ ಕಡ್ಡಿಪೆಟ್ಟಿಗಿ ಸಾಲಿಟ್ಟು ನೋಡು."

ಅವಳು ಹಾಗೇ ಮಾಡಿದಳು. ಕ್ವಾರ್ಟರ್ಸಿನ ಮಹಡಿಯ ಮೇಲೆ ಒಂದೊಂದು ಅಡಿಗೆ ಒಂದರಂತೆ ಹನ್ನೆರಡು ಕಡ್ಡಿಪೆಟ್ಟಿಗೆ ನಿಲ್ಲಿಸಿ, ಗಾಳಿಗೆ ಬೀಳದಂತೆ ಹಿಡಿಯಲು ತಿಪ್ಪೇಸ್ವಾಮಿಯನ್ನು ಕೂರಿಸಿ, ಐದನೆಯದಕ್ಕೆ ಫೋಕಸ್ ಮಾಡಿ, ಕಿಂಡಿಯ ಒಂದೊಂದು ಅಳತೆಗೂ ಒಂದೊಂದು ಫೋಟೋ ತೆಗೆದಳು. ಯಾವ ಅಳತೆಗೆ ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಯವರೆಗೆ ಮೇಲಿನ ಅಕ್ಷರ ಓದಲು ಬರುತ್ತದೆಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಪಟ್ಟಿ ಮಾಡಿದಳು. ಫೋಕಸ್ ಮಾಡಿದ ಜಾಗದ ಮುಂದೆ ಕಡಿಮೆ ಆಳ, ಹಿಂದೆ ಅದರ ಹೆಚ್ಚುಕಡಿಮೆ ಎರಡರಷ್ಟು ಎನ್ನುವುದು ಯಾರೂ ಹೇಳದೆಯೇ ಅವಳಿಗೆ ತಿಳಿಯಿತು. "ನೀನು ಫೋಟೋ ತೆಗಿತೀಯೋ, ಆಫೀಸ್ ಕೆಲಸ ಮನೆಗೆ ತಂದಿದೀಯೋ" ಎಂದ ತಿಪ್ಪೇಸ್ವಾಮಿ.

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ವನಜಾ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಕಾಗದ ಹಾಸಿ ಅವೇ ಗೆರೆಗಳನ್ನು ಇಂಕಿನಲ್ಲಿ ಎಳೆಯುವುದು ಕೆಲಸ. ಮದುವೆಯಾಗಿ ಚಿತ್ರದುರ್ಗದಿಂದ ಬಂದ ಮೇಲೆ ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ನಕ್ಷೆಯಲ್ಲಿ ಮುಖ್ಯ, ಅಮುಖ್ಯ ಎಂಬುದಿಲ್ಲ. ಸಣ್ಣ ಬೋಲ್ಟಿನ ಗೆರೆಯೂ ದೊಡ್ಡ ಚಕ್ರದ ಗೆರೆಯಷ್ಟೇ ಚೊಕ್ಕವಾಗಿರಬೇಕು. ಅಂಥ ಕೈಗೆ, ಲೆನ್ಸಿನ ಒಂದು ಉಂಗುರ ತಿರುಗಿಸಿದರೆ ಬೇಡವಾದದ್ದೆಲ್ಲ ಹೊಗೆಯಾಗಿ ಕರಗಿಹೋಗುತ್ತದೆ ಎಂಬುದು ಗೊತ್ತಾದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಮುಂದಿನ ಮೂರು ತಿಂಗಳು ಅವಳು ಸಿಕ್ಕಿದ್ದನ್ನೆಲ್ಲ ಕರಗಿಸಿದಳು. ದಾಸವಾಳ ಒಂದೇ, ಹಿಂದೆ ಏನೂ ಇಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದ ಕೈ ಒಂದೇ, ಹಿಂದೆ ಬಸ್ಸಿಲ್ಲ. ತಿಪ್ಪೇಸ್ವಾಮಿ ಈಗ ನಡುವೆ ನಿಲ್ಲುತ್ತಿರಲಿಲ್ಲ. ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದ ಖಾಲಿ ಜಾಗದ ಕಡೆ ನೋಡುತ್ತಾ ನಿಲ್ಲುವುದನ್ನು ಕಲಿತಿದ್ದ.

ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಶರಣಬಸಮ್ಮನ ಖಾನಾವಳಿ ಇತ್ತು. ಕಲಬುರ್ಗಿ, ಬೀದರ್, ರಾಯಚೂರಿನಿಂದ ಬಂದು ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರಿಗೆ ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಸಾರು. ತಿಪ್ಪೇಸ್ವಾಮಿ ಮದುವೆಗೆ ಮುಂಚೆ ಸ್ಟೇಷನ್ ಹತ್ತಿರ ಬಾಡಿಗೆಗಿದ್ದಾಗಲೇ, ಮನೆಗೆ ಬಂದು ಬಡಿದುಕೊಡುತ್ತಿದ್ದ ಅವಳ ಕೈಯ ರೊಟ್ಟಿಯ ರುಚಿ ಹಿಡಿದವನು. ಈಗಲೂ ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಅಕ್ಟೋಬರಿನ ಒಂದು ಭಾನುವಾರ ಊಟವಾದ ಮೇಲೆ ವನಜಾ ಅಡಿಗೆಮನೆಗೆ ಇಣುಕಿದಳು. ಕಿಟಕಿಯ ಬಳಿ ಶರಣಬಸಮ್ಮ ನಿಂತಿದ್ದಳು. ಐವತ್ತೈದರ ಹೆಂಗಸು, ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಹಿಟ್ಟು. ಏನನ್ನೋ ನೆನೆಸಿಕೊಂಡು ಕೆಲಸ ನಿಲ್ಲಿಸಿದ್ದಳು. ಕಿಟಕಿಯ ಬೆಳಕು ಮುಖದ ಒಂದು ಬದಿಯಲ್ಲಿ ನಿಂತಿತ್ತು. ಅವಳ ಹಿಂದೆ ಇನ್ನು ಮೂವರು ಹೆಂಗಸರು ಓಡಾಡುತ್ತಿದ್ದರು. ಒಲೆ, ಬೋಗುಣಿ, ಡಬ್ಬಿಗಳ ಸಾಲು, ನೇತುಹಾಕಿದ ಚೀಲಗಳು. ವನಜಾ ಶರಣಬಸಮ್ಮನನ್ನು ಚೌಕಟ್ಟಿನ ಬಲಕ್ಕಿಟ್ಟಳು. ಕಿಂಡಿಯನ್ನು ಪೂರ್ತಿ ತೆರೆದಳು. ಹಿಂದಿನದೆಲ್ಲ ಬೂದುಬಣ್ಣದ ಅಲೆಯಾಯಿತು. ಒತ್ತಿದಳು.

ಆ ಫೋಟೋ ನವೆಂಬರಿನ ಸಭೆಯಲ್ಲಿ ಗೋಡೆಗೆ ಬಂದಾಗ ಯಾರೂ ನಗಲಿಲ್ಲ. ಹಣಮಂತರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ತಿಂಗಳ ಮೊದಲ ಸ್ಥಾನ ಅದಕ್ಕೇ ಬಂತು. ಡಿಸೆಂಬರ್ ಕೊನೆಯ ವಾರ್ಷಿಕ ಪ್ರದರ್ಶನಕ್ಕೆ ದೊಡ್ಡದು ಮಾಡಿ ಹಾಕುವುದೆಂದು ನಿರ್ಧಾರವಾಗಿ, "ಏಕಾಂತ" ಎಂದು ಹೆಸರನ್ನೂ ಹಣಮಂತರಾಯರೇ ಇಟ್ಟರು. ಮನೆಗೆ ಹೋಗುವ ಬಸ್ಸಿನಲ್ಲಿ ವನಜಾ ಆ ಹೆಸರಿನ ಕೆಳಗೆ ತನ್ನ ಹೆಸರು ಅಚ್ಚಾಗುವುದನ್ನು ಕಲ್ಪಿಸಿಕೊಂಡಳು. ಕಾರ್ಖಾನೆಯ ನಕ್ಷೆಯ ಮೂಲೆಯಲ್ಲಿ ಟ್ರೇಸರಿಗೆ ಎರಡಕ್ಷರ ಹಿಡಿಯುವಷ್ಟೇ ಜಾಗ. ಇಲ್ಲಿ ಪೂರ್ತಿ ಹೆಸರು ಬರುತ್ತದೆ.

ಮರುದಿನ ಸಂಜೆ ಒಂದು ಪ್ರತಿ ತೆಗೆದುಕೊಂಡು ಖಾನಾವಳಿಗೆ ಹೋದಳು. ಶರಣಬಸಮ್ಮ ಕೈ ಒರೆಸಿಕೊಂಡು ಫೋಟೋವನ್ನು ದೂರಕ್ಕೆ ಹಿಡಿದಳು, ಹತ್ತಿರಕ್ಕೆ ಹಿಡಿದಳು. ರೊಟ್ಟಿ ಬಡಿಯುವ ಜಯಮ್ಮ, ಎಲ್ಲರಿಗಿಂತ ಚಿಕ್ಕವಳಾದ ಶಿವದೇವಿ, ಪಲ್ಯ ಮಾಡುವ ಸಾವಿತ್ರಿಬಾಯಿ ಮೂವರೂ ಬಂದು ಸುತ್ತ ನಿಂತರು.

"ಭಾಳ ಚಂದ ಬಂದಾಳ ಅಕ್ಕ" ಎಂದಳು ಶಿವದೇವಿ. "ಆದ್ರ ಒಬ್ಬಾಕಿನಾ ಅದಾಳಲ್ಲ."

ಸಾವಿತ್ರಿಬಾಯಿ ಫೋಟೋದ ಎಡಗಡೆಯ ಬೂದುಬಣ್ಣದ ಮೇಲೆ ಬೆರಳಿಟ್ಟಳು. ಅಲ್ಲಿ ಉದ್ದನೆಯ ಕಪ್ಪು ಮಚ್ಚೆಯೊಂದಿತ್ತು, ಅದರ ನಡುವೆ ಎರಡು ಬಿಳಿ ಚುಕ್ಕೆ.

"ಇದು ನಾನೇನ್ರೀ ಬಾಯಾರ? ಬಳಿ ಹೊಳಿಯಾಕತ್ತಾವ."

"ಹೌದು. ಅದು ನೀವೇ."

"ಎಲ್ಲಿ ಹಾಕ್ತಾರ ಇದನ್ನ?"

ಅಬಿಡ್ಸ್‌ನಲ್ಲಿ ಪ್ರದರ್ಶನವಿದೆ, ನೂರಾರು ಜನ ನೋಡುತ್ತಾರೆ ಎಂದಳು ವನಜಾ. ಸಾವಿತ್ರಿಬಾಯಿ ತಲೆಯಾಡಿಸಿ ಒಲೆಯ ಕಡೆ ಹೋದಳು. ಸೌಟು ಬೋಗುಣಿಗೆ ಬಡಿದ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಮುಂದಿನ ಭಾನುವಾರ ಊಟಕ್ಕೆ ಹೋದಾಗ ಎಣ್ಣೆಗಾಯಿ ಬೇರೆ ರುಚಿಯಾಗಿತ್ತು. ಪಕ್ಕದ ಸಾಲಿನಲ್ಲಿ ಇಬ್ಬರು ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದರು. ಬಡಿಸಲು ಬಂದ ಶಿವದೇವಿಯನ್ನು ವನಜಾ ಕೇಳಿದಳು. ಅವಳು ಹಿಂದುಮುಂದು ನೋಡಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಖಾನಾವಳಿ ಶರಣಬಸಮ್ಮನೊಬ್ಬಳದಲ್ಲ. ಹನ್ನೊಂದು ವರ್ಷದ ಹಿಂದೆ, ಮನೆಮನೆಗೆ ಹೋಗಿ ರೊಟ್ಟಿ ಬಡಿದುಕೊಡುತ್ತಿದ್ದ ನಾಲ್ವರು ಸೇರಿ ಹಾಕಿದ್ದು. ಜಾಗದ ಕರಾರು ಶರಣಬಸಮ್ಮನ ಹೆಸರಿನಲ್ಲಾಯಿತು. ಬೋರ್ಡು ಬರೆಯುವವನು ಒಂದೇ ಹೆಸರಿಗೆ ಜಾಗವಿದೆ ಎಂದ. ಅವತ್ತಿನಿಂದ ಬಂದವರೆಲ್ಲ ಅವಳನ್ನು ಯಜಮಾನಿ ಎಂದೂ ಉಳಿದ ಮೂವರನ್ನು ಆಳುಗಳೆಂದೂ ತಿಳಿಯುತ್ತಾರೆ. ಶರಣಬಸಮ್ಮ ಹಾಗೆ ನಡೆದುಕೊಂಡವಳಲ್ಲ. ಆದರೆ ಅಲ್ಲವೆಂದು ಯಾರಿಗೂ ಬಿಡಿಸಿ ಹೇಳಿದವಳೂ ಅಲ್ಲ. ಆ ಮಾತು ಅವಳ ಮತ್ತು ಸಾವಿತ್ರಿಬಾಯಿಯ ನಡುವೆ ಆಗಾಗ ಹೊಗೆಯಾಡಿ ಆರುತ್ತಿತ್ತು. ಫೋಟೋ ಬಂದ ರಾತ್ರಿ ಹತ್ತಿಕೊಂಡಿತು. "ಬೋರ್ಡಿನ ಮ್ಯಾಲೂ ನೀನಾ, ಫೋಟೋದಾಗೂ ನೀನಾ. ನಾ ಬರೇ ಹೊಗಿ" ಎಂದು ಸಾವಿತ್ರಿಬಾಯಿ ಸೆರಗು ಕೊಡವಿಕೊಂಡು ಹೋದವಳು ಆರು ದಿನವಾದರೂ ಬಂದಿಲ್ಲ.

ವನಜಾಳ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಒಳಗೆ ಹೋಗಿ ನೋಡಿದರೆ ಶರಣಬಸಮ್ಮ ಎರಡು ಒಲೆಗಳ ನಡುವೆ ಬೆವೆತುಹೋಗಿದ್ದಳು. "ಅದನ್ನ ಅಲ್ಲಿ ಹಾಕಬ್ಯಾಡ್ರಿ ಬಾಯಾರ" ಎಂದಷ್ಟೇ ಹೇಳಿದಳು.

ಆ ವಾರ ಸಂಘದ ಕೋಣೆಗೆ ಹೋಗಿ ಕೇಳಿದರೆ ಹಣಮಂತರಾಯರು ಒಪ್ಪಲಿಲ್ಲ. ಹೆಸರುಗಳ ಪಟ್ಟಿ ಅಚ್ಚಿಗೆ ಹೋಗಿತ್ತು. "ಹೂವಿನ ಫೋಟೋ ತೆಗದ್ರ ಹಿಂದಿನ ಎಲಿ ಬಂದು ತಕರಾರು ಮಾಡ್ತಾವೇನ್ರೀ? ಫೋಟೋ ಅಂದ ಮ್ಯಾಲ ಯಾರೋ ಮುಂದ, ಯಾರೋ ಹಿಂದ" ಎಂದರು. ಹೇಳಿದ್ದು ತಪ್ಪೇನಲ್ಲ ಎಂದು ವನಜಾಳಿಗೂ ಅನಿಸಿತು. ಅವಳ ಮನಸ್ಸಿನ ಒಂದು ಭಾಗ ಅವರು ಇನ್ನೂ ಗಟ್ಟಿಯಾಗಿ ಆಗುವುದಿಲ್ಲವೆನ್ನಲಿ ಎಂದು ಕಾಯುತ್ತಿತ್ತು. ಅವರೇ ಬಿಡಲಿಲ್ಲ, ನಾನೇನು ಮಾಡಲಿ ಎಂದು ಹೇಳಿಕೊಳ್ಳಬಹುದಿತ್ತು. ಮೂಲೆಯಲ್ಲಿ ಕೂತಿದ್ದ ಅಮೃತಪ್ಪನವರು ಆಗ ಬಾಯಿಬಿಟ್ಟರು.

"ಹಣಮಂತರಾಯರ, ಎಲಿಗೆ ಹೆಸರಿಲ್ಲ. ಇವರಿಗೆ ಐತಿ." ಆಮೇಲೆ ಅವಳ ಕಡೆ ತಿರುಗಿದರು. "ಬಿಡೋದು ಕಲ್ಸಿದವ ನಾನು. ನೀ ಭಾಳ ಜಲ್ದಿ ಕಲ್ತಿ. ಇನ್ನ ಹಿಡಿಸೋದು ಕಲಿ. ಅದು ಕಷ್ಟ. ಪ್ರದರ್ಶನಕ್ಕ ಇನ್ನಾ ಒಂದು ತಿಂಗಳೈತಿ. ಪಟ್ಟಿಯೊಳಗ ನಿನ್ನ ಹೆಸರು ಹಂಗಾ ಇರ್ಲಿ, ಫೋಟೋ ಬ್ಯಾರೆ ತಾ."

ಅವಳು ಮೊದಲು ಹೋದದ್ದು ಸಾವಿತ್ರಿಬಾಯಿಯ ಮನೆಗೆ. ರೈಲುಹಳಿಯ ಆಚೆ ಒಂದು ಕೋಣೆ. ಸಾವಿತ್ರಿಬಾಯಿ ಚಾಪೆ ಹಾಸಿದಳು, ನೀರು ಕೊಟ್ಟಳು. ಒಣಗಿದ ಬಟ್ಟೆ ಮಡಚುತ್ತ ಕೂತಳು. ಅವಳೇ ಕೇಳಿದಳು.

"ಬೇಕಂತ ಮಾಡಿದ್ರೋ, ತಪ್ಪಿ ಆತೋ?"

ತಪ್ಪಿ ಆಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ವನಜಾಳ ಬಾಯಿಗೆ ಅದೇ ಮಾತು ಬಂದಿತ್ತು ಕೂಡ.

"ಬೇಕಂತಲೇ ಮಾಡಿದೆ" ಎಂದಳು. "ಎಲ್ಲರೂ ಸ್ಪಷ್ಟ ಬಂದ್ರೆ ಫೋಟೋ ಗಜಿಬಿಜಿ ಆಗುತ್ತೆ ಅನ್ನಿಸ್ತು. ಉಂಗುರ ತಿರುಗಿಸಿ ನಿಮ್ಮನ್ನ ಮಸುಕು ಮಾಡಿದೆ. ಹಿಂದೆ ಮೂವರು ಇದೀರಿ ಅಂತ ಗೊತ್ತಿತ್ತು. ನೀವು ಯಾರು ಅಂತ ಯೋಚನೆ ಮಾಡಲಿಲ್ಲ."

ಸಾವಿತ್ರಿಬಾಯಿ ಸೀರೆಯ ಮಡಿಕೆಯನ್ನು ಅಂಗೈಯಿಂದ ಒತ್ತಿದಳು. "ಖರೇ ಹೇಳಿದ್ರಿ" ಎಂದಳು. ಇನ್ನೊಂದು ಸೀರೆ ಮಡಚಿದಳು. "ಹ್ಯಾಂಗ ಮಾಡ್ತಾರ, ತೋರಸ್ರಿ ನೋಡೋಣು."

ವನಜಾ ಚೀಲದಿಂದ ಕ್ಯಾಮೆರಾ ತೆಗೆದಳು. ಎದುರಿನ ಅಡ್ಡಹಲಗೆಯ ಮೇಲೆ ಮುಂದೊಂದು ಹಿಂದೊಂದು ಹಿತ್ತಾಳೆ ಪಾತ್ರೆಗಳಿದ್ದವು. ಸಾವಿತ್ರಿಬಾಯಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು. ನಡುವಿನ ಚೊಂಬು ಫಳಫಳ ಹೊಳೆಯುತ್ತಿತ್ತು, ಉಳಿದವು ಮಂಜಿನಲ್ಲಿದ್ದವು. ವನಜಾ ಕಿಂಡಿ ಸಣ್ಣದು ಮಾಡಿ, ಅದರ ಪರಿಣಾಮ ಕಣ್ಣಿಗೆ ಕಾಣುವಂತೆ ಲೆನ್ಸಿನ ಪಕ್ಕದ ಚಿಕ್ಕ ಕಡ್ಡಿಯನ್ನು ಒತ್ತಿ ಹಿಡಿದಳು.

"ಈಗ?"

ಸಾವಿತ್ರಿಬಾಯಿ ಬಹಳ ಹೊತ್ತು ನೋಡಿದಳು. "ಎಲ್ಲಾ ಕಾಣ್ತಾವ" ಎಂದಳು. "ಆದ್ರ ಕತ್ತಲಾತಲ್ಲ."

"ಅದೇ ತೊಂದರೆ. ಎಲ್ಲರೂ ಕಾಣಬೇಕು ಅಂದ್ರೆ ಕಿಂಡಿ ಸಣ್ಣದಾಗಬೇಕು. ಸಣ್ಣದಾದ್ರೆ ಬೆಳಕು ಸಾಲೋದಿಲ್ಲ. ಬೆಳಕು ಸಾಲದಿದ್ರೆ ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟು ಹೊತ್ತು ಯಾರೂ ಅಲುಗಾಡಬಾರದು."

"ಅಡಗಿಮನ್ಯಾಗ ಅಲುಗಾಡದಂಗ ಇರಾಕ ಆಗ್ತೈತೇನ್ರೀ" ಎಂದು ಸಾವಿತ್ರಿಬಾಯಿ ಮೊದಲ ಸಲ ನಕ್ಕಳು. ಮರುದಿನ ಬೆಳಿಗ್ಗೆ ಅವಳು ಖಾನಾವಳಿಗೆ ಬಂದಳು. ಶರಣಬಸಮ್ಮ ದೊಡ್ಡ ಒಲೆಯ ಮುಂದಿನಿಂದ ಎದ್ದು ಜಾಗ ಬಿಟ್ಟಳು.

ಆದರೆ ಫೋಟೋ ಆಗಲಿಲ್ಲ. ಮೊದಲ ಪ್ರಯತ್ನದಲ್ಲಿ ನಾಲ್ವರನ್ನೂ ಗೋಡೆಗೆ ನಿಲ್ಲಿಸಿದಳು. ಎಲ್ಲರೂ ಸ್ಪಷ್ಟವಾಗಿ ಬಂದರು. ಆಧಾರಕ್ಕೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಡಾಕ್ಟರ ಎದುರು ನಿಂತವರಂತೆ. ಎರಡನೆಯ ಸಲ ಕೆಲಸ ಮಾಡುತ್ತಿರುವಾಗ ತೆಗೆದಳು. ಕಿಂಡಿ ಸಣ್ಣದು, ಒಂದು ಸೆಕೆಂಡು ತೆರೆದಿಟ್ಟಿದ್ದು; ಡಬ್ಬಿಗಳು ಚೊಕ್ಕವಾಗಿ ಬಂದವು, ಜಯಮ್ಮನಿಗೆ ಆರು ಕೈ ಬಂದವು. ಮೂರನೆಯ ಸಲ ಕಾರ್ಖಾನೆಯ ಗೆಳತಿಯೊಬ್ಬಳಿಂದ ಫ್ಲ್ಯಾಶ್ ತಂದಳು. ನಾಲ್ವರ ಮುಖವೂ ಸುಣ್ಣ ಬಳಿದಂತಾಗಿ, ಹಿಂದೆ ಗೋಡೆಯ ಮೇಲೆ ನಾಲ್ವರು ನೆರಳಿನ ಕರಿ ಹೆಂಗಸರು ನಿಂತರು. ಅಮೃತಪ್ಪನವರು ಆ ನೆಗೆಟಿವನ್ನು ದೀಪಕ್ಕೆ ಹಿಡಿದು ನೋಡಿ ಕೆಳಗಿಟ್ಟರು.

"ನೀ ಅಲ್ಲಿ ಹೋಗಿ ಖಾಲಿ ಕುಂತಿಯೇನು ಎಂದಾದ್ರೂ? ಕ್ಯಾಮೆರಾ ಇಲ್ಲದ?"

ಡಿಸೆಂಬರಿನ ಎರಡನೆಯ ವಾರ ಮೂರು ದಿನ ಅರ್ಧ ರಜೆ ಹಾಕಿ ವನಜಾ ಬೆಳಿಗ್ಗೆ ಎಂಟಕ್ಕೆ ಹೋಗಿ ಅಡಿಗೆಮನೆಯ ಮೂಲೆಯಲ್ಲಿ ಕೂತಳು. ಕೈಗೊಂದು ಬೆಳ್ಳುಳ್ಳಿಯ ಮೊರ ಕೊಟ್ಟರು. ಸುಲಿಯುತ್ತ ನೋಡಿದಳು. ಮೊದಲ ದಿನ ಗಡಿಬಿಡಿಯೊಂದೇ ಕಂಡಿತು. ಎರಡನೆಯ ದಿನ ಅದರಲ್ಲಿ ಒಂದು ನಡಿಗೆ ಇದೆ ಎನಿಸಿತು. ಸಾವಿತ್ರಿಬಾಯಿ ಹಿತ್ತಲ ಬಾಗಿಲ ಪಕ್ಕದ ಒಲೆ ಬಿಟ್ಟು ಕದಲುವುದಿಲ್ಲ. ಅವಳಿಂದ ಎರಡು ಅಡಿ ಹಿಂದೆ ಜಯಮ್ಮ ರೊಟ್ಟಿ ಬಡಿಯುವ ಕಲ್ಲು. ಅವಳ ಆಚೆ ಶರಣಬಸಮ್ಮ ಬೆಂದ ರೊಟ್ಟಿಯನ್ನು ಬುಟ್ಟಿಗೆ ಒಟ್ಟುತ್ತಾಳೆ. ಎಲ್ಲರ ಹಿಂದೆ ಈರುಳ್ಳಿಯ ಮುಂದೆ ಶಿವದೇವಿ. ಊಟದ ಕೋಣೆಯ ಬಾಗಿಲಲ್ಲಿ ನಿಂತರೆ ನಾಲ್ವರೂ ಒಂದು ಓರೆ ಸಾಲಿನಲ್ಲಿ ಕಾಣುತ್ತಾರೆ, ಒಬ್ಬರು ಇನ್ನೊಬ್ಬರನ್ನು ಮರೆಮಾಡದೆ. ಹತ್ತಿರದವಳು ಆರಡಿ, ಕೊನೆಯವಳು ಹನ್ನೆರಡಡಿ. ಅವಳಿಗೆ ಕಡ್ಡಿಪೆಟ್ಟಿಗೆಯ ಪಟ್ಟಿ ನೆನಪಾಯಿತು. ಎಂಟಡಿಗೆ ಫೋಕಸ್ ಮಾಡಿದರೆ ಸರಿಹೋಗುತ್ತದೆ. ಎಂಟಡಿಯಲ್ಲಿ ಇರುವುದು ಜಯಮ್ಮ. ಯಾರೂ ಎಂದೂ ಗಮನಿಸದ, ಯಾವ ಜಗಳದಲ್ಲೂ ಇಲ್ಲದ ಜಯಮ್ಮ.

ಮೂರನೆಯ ದಿನ ಹತ್ತು ಗಂಟೆ ಆಸುಪಾಸಿಗೆ ಸಾವಿತ್ರಿಬಾಯಿ ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ಹಚ್ಚಿದಳು. ಜಯಮ್ಮನ ಬಡಿತ ನಿಂತಿತು. ಶರಣಬಸಮ್ಮನ ಕೈಯ ರೊಟ್ಟಿ ಬುಟ್ಟಿಯ ಮೇಲೆ ನಿಂತಿತು. ಶಿವದೇವಿ ಚಾಕು ಹಿಡಿದು ಕತ್ತು ಎತ್ತಿದಳು. ಮೂವರೂ ಸಾವಿತ್ರಿಬಾಯಿಯ ಮುಖ ನೋಡುತ್ತಿದ್ದರು. ಸಾವಿತ್ರಿಬಾಯಿ ಕಣ್ಣು ಅರೆಮುಚ್ಚಿ ರುಚಿ ನೋಡುತ್ತಿದ್ದಳು. ಆಮೇಲೆ "ಹ್ಞೂಂ" ಎಂದಳು. ಎಲ್ಲ ಮತ್ತೆ ಶುರುವಾಯಿತು.

ವನಜಾ ಬೆಳ್ಳುಳ್ಳಿ ಸುಲಿಯುವುದನ್ನು ಮರೆತು ಕೂತಿದ್ದಳು. ಹಿಂದಿನ ಎರಡು ದಿನವೂ ಇದು ನಡೆದಿತ್ತು. ಹನ್ನೊಂದು ವರ್ಷದಿಂದ ದಿನಾ ನಡೆಯುತ್ತಿತ್ತು. ಬೋರ್ಡಿನ ಮೇಲೆ ಯಾರ ಹೆಸರಿದ್ದರೂ ಆ ಒಂದು ಗಳಿಗೆ ಅಡಿಗೆಮನೆ ಕಾಯುವುದು ಇವಳ ಒಂದು ಮಾತಿಗೆ.

ಅಂದು ಹೊರಡುವಾಗ ಶರಣಬಸಮ್ಮ ಅವಳ ಹಿಂದೆಯೇ ಬೀದಿಯವರೆಗೆ ಬಂದಳು.

"ಬಾಯಾರ, ಆ ಮೊದಲಿನ ಫೋಟೋ."

"ವಾಪಸ್ ತಗೊಂಡು ಹೋಗ್ಲಾ? ಹರಿದುಹಾಕ್ತೀನಿ."

"ಬ್ಯಾಡ್ರಿ. ಟ್ರಂಕಿನ್ಯಾಗ ಸೀರಿ ಕೆಳಗ ಇಟ್ಟೀನಿ. ಅಲ್ಲೇ ಇರ್ಲಿ. ಅವರಿಗೆ ಹೇಳಬ್ಯಾಡ್ರಿ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಮನ್ಯಾವ್ರು ಹೋದ ಮ್ಯಾಲ ನನ್ನ ಮಾರಿ ಯಾರು ಅಷ್ಟು ಹೊತ್ತು ನೋಡ್ಯಾರ್ರೀ? ನಾನಾ ನೋಡಿಲ್ಲ."

ಆ ಫೋಟೋ ಸುಳ್ಳು ಎಂದು ವನಜಾ ಮೂರು ವಾರದಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಅದೂ ಅಷ್ಟು ಸರಾಗವಾಗಿ ಹೇಳಲು ಬರದಂತಾಯಿತು.

ಶನಿವಾರ ಬೆಳಿಗ್ಗೆ ತಿಪ್ಪೇಸ್ವಾಮಿ ಬಂದು ಹಿತ್ತಲ ಕಿಟಕಿಗೆ ಮಳೆಗಾಲದಲ್ಲಿ ಬಡಿದಿದ್ದ ತಗಡು ಕಿತ್ತುಕೊಟ್ಟ. ಒಳಗೆ ಬಂದ ಬೆಳಕು ನೋಡಿ ಹೆಂಗಸರು ತಮ್ಮ ಗೋಡೆ ಇಷ್ಟು ಕರ್ರಗಾಗಿದೆಯೇ ಎಂದುಕೊಂಡರು. ಅಮೃತಪ್ಪನವರು ಕೊಟ್ಟಿದ್ದ ಹಳೇ ಮರದ ಮೂರುಕಾಲಿನ ಸ್ಟ್ಯಾಂಡನ್ನು ವನಜಾ ಬಾಗಿಲಲ್ಲಿ ನಿಲ್ಲಿಸಿದಳು. ಎಂಟಡಿ ಅಳೆದಳು. ಕಿಂಡಿ ಸಣ್ಣದು ಮಾಡಿದಳು. ಒಂದು ಸೆಕೆಂಡು. ಗುಂಡಿ ಒತ್ತುವಾಗ ಕ್ಯಾಮೆರಾ ಅಲುಗದಂತೆ, ದೂರದಿಂದಲೇ ಒತ್ತುವ ಉದ್ದನೆಯ ತಂತಿ ಸಿಕ್ಕಿಸಿದಳು. "ನನ್ನ ಕಡೆ ಯಾರೂ ನೋಡಬೇಡಿ" ಎಂದಳು. ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಹತ್ತಕ್ಕೆ ಸಾವಿತ್ರಿಬಾಯಿ ಅಂಗೈಗೆ ಸಾರು ಬಿಟ್ಟುಕೊಂಡಳು. ವನಜಾ ಒತ್ತಿದಳು. ಅದೇ ಹೊತ್ತಿಗೆ ಪಕ್ಕದ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮಾಡಿನ ಮೇಲೆಯೇ ಹಾದುಹೋಯಿತು. ಹಲಗೆಯ ಮೇಲಿನ ತಟ್ಟೆಗಳೆಲ್ಲ ಗಲಗಲ ಎಂದವು, ಸ್ಟ್ಯಾಂಡಿನ ಕಾಲೂ. ಒಂದು ಫೋಟೋ ಹೋಯಿತು. ಪಲ್ಯಕ್ಕೆ ಇನ್ನೂ ಕಾಲು ಗಂಟೆ ಇತ್ತು. ವನಜಾ ಕಾದಳು. ಸಾವಿತ್ರಿಬಾಯಿ ಬೋಗುಣಿಯ ಮುಚ್ಚಳ ತೆಗೆದಳು, ಆವಿ ಎದ್ದಿತು, ಸೌಟು ಅಂಗೈಗೆ ಬಂತು. ಬಡಿತ ನಿಂತಿತು. ವನಜಾ ಒತ್ತಿ, ಮನಸ್ಸಿನಲ್ಲೇ ಒಂದು ಎಣಿಸಿದಳು. ಅಷ್ಟು ಉದ್ದದ ಸೆಕೆಂಡನ್ನು ಅವಳು ಹಿಂದೆ ಕಂಡಿರಲಿಲ್ಲ.

ಅಮೃತಪ್ಪನವರ ಬಚ್ಚಲುಮನೆಯೇ ಅವರು ಫೋಟೋ ತೊಳೆಯುವ ಕತ್ತಲೆಕೋಣೆ. ಕೆಂಪು ದೀಪದ ಕೆಳಗೆ ತಟ್ಟೆಯ ರಾಸಾಯನಿಕದಲ್ಲಿ ಕಾಗದ ತೇಲುತ್ತಿತ್ತು. ಮೊದಲು ಜಯಮ್ಮನ ಕೈ ಮೂಡಿತು, ಆಮೇಲೆ ಸಾವಿತ್ರಿಬಾಯಿಯ ಕೆನ್ನೆ, ಶರಣಬಸಮ್ಮನ ವಿಭೂತಿ, ಕಡೆಗೆ ಮೂಲೆಯಲ್ಲಿ ಶಿವದೇವಿಯ ಎರಡು ಕಣ್ಣು. ಆವಿ ಮಾತ್ರ ಒಂದು ಸೆಕೆಂಡಿನಲ್ಲಿ ಚಲಿಸಿ ಬಿಳಿ ಸೆರಗಿನಂತೆ ಮೇಲೆ ಹರಡಿತ್ತು. ಅಮೃತಪ್ಪನವರು ಕಾಗದವನ್ನು ಚಿಮ್ಮಟದಿಂದ ಎತ್ತಿ ಹಿಡಿ‌ದರು.

"ಜಯಮ್ಮನ ಮ್ಯಾಲ ಇಟ್ಟಿಯಲ್ಲ ಫೋಕಸ್ಸು" ಎಂದರು. "ಬರಾಬರ್."

ಅವರು ಅದಕ್ಕಿಂತ ಹೆಚ್ಚು ಹೊಗಳಿದ್ದನ್ನು ಅವಳು ಕೇಳಿರಲಿಲ್ಲ.

ಪ್ರದರ್ಶನದಲ್ಲಿ ಆ ಫೋಟೋಕ್ಕೆ ಬಹುಮಾನ ಬರಲಿಲ್ಲ. ತೀರ್ಪುಗಾರರು ಅದರ ಮುಂದೆ ನಿಂತು, ಒಳ್ಳೆಯ ಕೆಲಸ, ಆದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ ಎಂದರು. ಮೊದಲ ಬಹುಮಾನ ಹುಸೇನಸಾಗರದಲ್ಲಿ ಒಂಟಿಯಾಗಿ ನಿಂತ ದೋಣಿಯೊಂದಕ್ಕೆ ಹೋಯಿತು. "ಏಕಾಂತ ಇದ್ದಿದ್ರ ನಿಮಗಾ ಬರ್ತಿತ್ತು" ಎಂದು ಹಣಮಂತರಾಯರು ಮೆಲ್ಲಗೆ ಹೇಳಿದರು. ಬರುತ್ತಿತ್ತೇನೋ. ವನಜಾ ಅದನ್ನು ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಇಡೀ ಬೆಳಿಗ್ಗೆ ಯೋಚಿಸಿದಳು.

ಮಧ್ಯಾಹ್ನದ ಊಟ ಮುಗಿಸಿ, ಸಂಜೆಗೆ ರಜೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ನಾಲ್ವರೂ ಬಸ್ಸು ಹಿಡಿದು ಅಬಿಡ್ಸ್‌ಗೆ ಬಂದರು. ಹನ್ನೊಂದು ವರ್ಷದಲ್ಲಿ ಭಾನುವಾರ ಸಂಜೆ ಖಾನಾವಳಿ ಮುಚ್ಚಿದ್ದು ಅದೇ ಮೊದಲು. ಇಳಕಲ್ ಸೀರೆ ಉಟ್ಟು ಮೆಟ್ಟಿಲು ಹತ್ತಿ ಬಂದವರನ್ನು ನೋಡಿ ಒಳಗಿದ್ದವರು ದಾರಿ ಬಿಟ್ಟರು. ಫೋಟೋದ ಕೆಳಗಿನ ಚೀಟಿಯನ್ನು ಓದುಬರಹ ಬಲ್ಲ ಶಿವದೇವಿ ಗಟ್ಟಿಯಾಗಿ ಓದಿದಳು. ಶೀರ್ಷಿಕೆ ಎಂಬುದಿರಲಿಲ್ಲ. ಕ್ಯಾಮೆರಾಗೆ ಹತ್ತಿರವಿದ್ದವರಿಂದ ದೂರವಿದ್ದವರ ತನಕ ನಾಲ್ಕು ಹೆಸರಿದ್ದವು: ಸಾವಿತ್ರಿಬಾಯಿ, ಜಯಮ್ಮ, ಶರಣಬಸಮ್ಮ, ಶಿವದೇವಿ. ತನ್ನ ಹೆಸರು ಕೇಳಿ ಜಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಸಾವಿತ್ರಿಬಾಯಿ ಮುಂದೆ ಹೋಗಿ ತನ್ನ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಶರಣಬಸಮ್ಮನ ಕೈ ಹಿಡಿದು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು.

"ನೋಡಕ್ಕ ನನ್ನ ಮಾರಿ. ಅವತ್ತ ಪಲ್ಯದಾಗ ಉಪ್ಪು ಕಡಿಮಿ ಇತ್ತು. ಹೇಳಾಕ ಹೊಂಟೀನಿ, ಇನ್ನಾ ಹೇಳಿಲ್ಲ."

"ಗೊತ್ತಾತು ನನಗ" ಎಂದಳು ಶರಣಬಸಮ್ಮ. "ನನ್ನ ಕೈ ನೋಡು, ಆಗಲೇ ಉಪ್ಪಿನ ಡಬ್ಬಿ ಕಡಿಗೆ ಹೊಂಟೈತಿ."

ಅಷ್ಟು ಸಲ ನೋಡಿದ್ದರೂ ವನಜಾ ಆ ಕೈಯನ್ನು ಗಮನಿಸಿರಲಿಲ್ಲ. ರೊಟ್ಟಿ ಹಿಡಿದ ಕೈ ಬುಟ್ಟಿಯ ಮೇಲೆ ನಿಂತಿತ್ತು ನಿಜ. ಇನ್ನೊಂದು ಕೈ ಡಬ್ಬಿಗಳ ಸಾಲಿನ ಕಡೆ ಅರ್ಧ ಚಾಚಿತ್ತು. ಪಕ್ಕದಲ್ಲಿದ್ದ ಒಬ್ಬಿಬ್ಬರು ಅಪರಿಚಿತರೂ ಬಗ್ಗಿ ಆ ಕೈಯನ್ನು ನೋಡಿದರು.

ನಾಲ್ವರೂ ಬಹಳ ಹೊತ್ತು ನಿಲ್ಲಲಿಲ್ಲ. ಸೋಮವಾರಕ್ಕೆ ಹಿಟ್ಟು ಸೋಸುವುದಿತ್ತು. ವನಜಾ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದಳು. ಬೋರ್ಡು ಬದಲಿಸುವ ಮಾತು ಅಂದು ಬರಲಿಲ್ಲ. ಮುಂದೆ ಬಂತೋ ಇಲ್ಲವೋ ಅವಳು ಕೇಳಲೂ ಇಲ್ಲ. ಬೇಗಂಪೇಟೆಯ ಬಸ್ಸು ತುಂಬಿಕೊಂಡೇ ಬಂತು. ಶಿವದೇವಿ ಮೊದಲು ಹತ್ತಿ ಉಳಿದವರಿಗೆ ಕೈ ಕೊಟ್ಟಳು. ಸಾವಿತ್ರಿಬಾಯಿ ಫುಟ್‌ಬೋರ್ಡಿನ ಮೇಲಿಂದ ತಿರುಗಿದಳು.

"ಬರೋ ಐತವಾರ ಊಟಕ್ಕ ಬರ್ರಿ ಬಾಯಾರ. ಕ್ಯಾಮೆರಾ ತಂದ್ರೂ ನಡಿತೈತಿ. ಉಣ್ಣೂತನಕ ಚೀಲದಾಗ ಇರ್ಲಿ."